ಬ್ಯಾಂಡ್ ಮೇಷ್ಟ್ರ ಮೂರು ಕೋವಿ

ಹೈಕ್ಕಿ ಮುದುಕ ಸತ್ತದ್ದರಿಂದ ಯಾರಿಗೆ ಏನು ನಷ್ಟವಾಯಿತೋ ಗೊತ್ತಿಲ್ಲ, ಟ್ಯಾಮರಾಕ್ ಶಾಲೆಯ ಬ್ಯಾಂಡ್ ಮೇಷ್ಟ್ರು ಎಲ್ಮರ್ ಹಾರ್ಯುಗೆ ಮಾತ್ರ ಒಂದು ಮಂಚ ಸಿಕ್ಕಿತು. ಅದೇನು ಅಂತಿಂಥ ಮಂಚವಲ್ಲ. ಅವನ ಮಾವ ಉರ್ಹೊ ಕೋಸ್ಕಿಯ ಬೇಟೆ ಬಿಡಾರದಲ್ಲಿರುವ ಏಳು ಹಲಗೆ ಮಂಚಗಳಲ್ಲಿ ಒಂದು.

ಮಿಷಿಗನ್ನಿನ ಈ ಬಡಗಣ ಕಾಡುಗಳಲ್ಲಿ ನವೆಂಬರ್ ಹದಿನೈದು ಎಂದರೆ ಜಿಂಕೆ ಬೇಟೆಯ ಮೊದಲ ದಿನ. ಅವತ್ತು ಶಾಲೆ ಮುಚ್ಚುತ್ತದೆ, ಗರಗಸದ ಮಿಲ್ಲು ಮುಚ್ಚುತ್ತದೆ, ಮದುವೆ ಗಿದುವೆ ಯಾರೂ ಇಟ್ಟುಕೊಳ್ಳುವುದಿಲ್ಲ, ಸಾಯಲಿಕ್ಕೆ ಹೊರಟವರೂ ನಾಲ್ಕು ದಿನ ತಡೆದುಕೊಳ್ಳುತ್ತಾರೆ. ಮೀಸೆ ಬಂದವರೆಲ್ಲ ಕಾಡಿಗೆ. ಊರಿನಲ್ಲಿ ಉಳಿಯುವ ಗಂಡಸರೆಂದರೆ ಪಾದ್ರಿ, ಡಾಕ್ಟರು, ಅಂಗಡಿಯವನು, ಕಾಲು ಮುರಿದುಕೊಂಡವರು ಮತ್ತು ಎಲ್ಮರ್. ಗಂಡಂದಿರನ್ನು ಕಾಡಿಗೆ ಕಳಿಸಿದ ಹೆಂಗಸರು ಆ ಸಂಜೆ ಯಾರದಾದರೂ ಮನೆಯಲ್ಲಿ ಸೇರಿ ಇಸ್ಪೀಟು ಆಡುತ್ತಾರೆ. ಮದುವೆಯಾದಾಗಿನಿಂದ ಎಲ್ಮರ್ ಆ ಕೂಟದಲ್ಲಿ ಉಪ್ಪಿನಕಾಯಿ ಜಾಡಿಗಳ ಮುಚ್ಚಳ ತಿರುಗಿಸಿಕೊಡುವ ಕೆಲಸ ಮಾಡಿಕೊಂಡು ಬಂದಿದ್ದ. ಹೋದ ವರ್ಷ ಪಕ್ಕದ ಮನೆ ಸೈಮಿ ಎಲ್ಲರೆದುರಿಗೆ, "ನಮ್ಮ ಎಲ್ಮರ್ ಇದ್ರೆ ಎಷ್ಟು ಹಾಯಾಗಿರುತ್ತೆ ನೋಡ್ರೇ, ಗಂಡಸ್ರು ಕೂತಿದಾರೆ ಅಂತ ಅನ್ನಿಸೋದೇ ಇಲ್ಲ" ಎಂದು ಹೊಗಳಿದಳು. ಆ ಹೊಗಳಿಕೆ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ಈ ವರ್ಷ ಏನೇ ಆಗಲಿ, ಬಿಡಾರದಲ್ಲಿ ಮಲಗಲೇಬೇಕು, ಮಲಗಿ ಗೊರಕೆ ಹೊಡೆಯಲೇಬೇಕು ಎಂದು ಅವನು ಹಟ ತೊಟ್ಟಿದ್ದ.

ಕೋವಿ ಒಂದಿರಲಿಲ್ಲ. ಅದಕ್ಕೇನು, ಹದಿನಾಲ್ಕನೇ ತಾರೀಕು ಬೆಳಗ್ಗೆ ಹೋಗಿ ಒಂದು ಕೊಂಡರಾಯಿತು ಎಂದುಕೊಂಡ. ಕಷ್ಟ ಶುರುವಾದದ್ದು ಅಲ್ಲಿಂದ.

ಬೆಳಗ್ಗೆ ಇನ್ನೂ ಕಾಫಿಗೆ ಏಲಕ್ಕಿ ಬ್ರೆಡ್ಡು ಅದ್ದುತ್ತಿರುವಾಗಲೇ ಮಾವ ಉರ್ಹೊ ಬೂಟಿನ ಹಿಮ ಕೊಡವದೆ ಅಡುಗೆಮನೆಗೇ ನುಗ್ಗಿದ. ಮಗಳು ಲೆಂಪಿ ನೆಲ ನೋಡಿದಳು, ಅಪ್ಪನ ಮುಖ ನೋಡಿದಳು, ಒರೆಸುವ ಬಟ್ಟೆ ತಂದಳು.

"ಅಳಿಯಂದ್ರೇ, ಕೋವಿ ತಗೊಳ್ಳೋಕೆ ಹೊರಟಿದ್ದೀರಂತೆ."

"ಹೌದು ಮಾವ. ಲಿವರ್ ಎಳೆದು ಗುಂಡು ಹಾರಿಸೋದು ಒಂದು ತಗೊಳ್ಳೋಣ ಅಂತ."

"ಲಿವರ್ ಕೋವಿ ಸರಿ. ಅದರಲ್ಲಿ ಎರಡು ಮಾತಿಲ್ಲ. ಮರಗಳು ಒತ್ತೊತ್ತಾಗಿರೋ ಕಾಡಲ್ಲಿ ಅದನ್ನ ಬಿಟ್ಟರೆ ಬೇರೆ ಕೋವಿ ಹಿಡಿಯೋನು ದಡ್ಡ. ಅಳತೆ ಯಾವುದು?"

ಅಳತೆಯ ವಿಷಯ ಎಲ್ಮರ್ ಯೋಚಿಸಿಯೇ ಇರಲಿಲ್ಲ. ಚಪ್ಪಲಿಗೆ ಇದ್ದ ಹಾಗೆ ಕೋವಿಗೂ ತನ್ನ ಮೈಗೆ ಹೊಂದುವ ಒಂದು ಅಳತೆ ಇರುತ್ತದೆ, ಅಂಗಡಿಯವನು ನೋಡಿ ಕೊಡುತ್ತಾನೆ ಎಂದು ಅವನು ತಿಳಿದಿದ್ದ.

ಉರ್ಹೊ ಕುರ್ಚಿ ಎಳೆದುಕೊಂಡು ಹತ್ತಿರ ಕೂತ. ಬಿಡಾರದ ಸಂವಿಧಾನ ಅಳಿಯನಿಗೆ ಗೊತ್ತಾದದ್ದು ಆಗಲೇ. ಏಳು ಮಂಚಗಳಲ್ಲಿ ನಾಲ್ಕು ಕಬ್ಬಿಣದ ಒಲೆಯ ಪಕ್ಕ, ಮೂರು ಬಾಗಿಲ ಪಕ್ಕ. ಬಾಗಿಲ ಪಕ್ಕ ಮಲಗಿದವರ ಮೀಸೆ ಬೆಳಗಾಗುವಷ್ಟರಲ್ಲಿ ಕಂಬಳಿಗೆ ಅಂಟಿ ಹೆಪ್ಪುಗಟ್ಟಿರುತ್ತದೆ. ಬಿಡಾರದಲ್ಲಿ ಮೊದಲಿಂದಲೂ ಎರಡು ಪಕ್ಷ. ಉರ್ಹೊನ ಪಕ್ಷದವರು ಮೂವತ್ತು-ಮೂವತ್ತು ಎಂಬ ಸಣ್ಣ ಅಳತೆಯ ತೋಟಾ ಹಾಕುವವರು. ಹೆಡ್‌ಮಾಸ್ಟರ್ ಪೆನ್‌ಹೇಲ್ ಪಕ್ಷದವರು ನಲವತ್ತೈದು-ಎಪ್ಪತ್ತು ಎಂಬ ದಪ್ಪ ತೋಟಾ ಹಾಕುವವರು. ಯಾವ ಅಳತೆಯವರು ಹೆಚ್ಚಿದ್ದಾರೋ ಅವರಿಗೆ ಒಲೆಯ ಪಕ್ಕ. ಹೈಕ್ಕಿ ಮುದುಕ ಬದುಕಿರುವ ತನಕ ಮೂವತ್ತು-ಮೂವತ್ತಿನವರು ನಾಲ್ವರಿದ್ದರು, ಬೆಚ್ಚಗಿದ್ದರು. ಈಗ ಮೂರು ಮೂರು ಸಮ.

"ಈಗ ಅರ್ಥ ಆಯ್ತಾ ನಿಮಗೆ ಆ ಮಂಚ ಯಾಕೆ ಕೊಟ್ಟಿದ್ದು ಅಂತ" ಎಂದ ಉರ್ಹೊ. "ನನಗೆ ಮಂಡಿನೋವು. ಬಾಗಿಲ ಹತ್ರ ಮಲಗಿದ್ರೆ ನಾನು ವಾಪಸ್ಸು ಬರೋದು ಪೆಟ್ಟಿಗೇಲಿ. ಮೂವತ್ತು-ಮೂವತ್ತು ತಗೊಳ್ಳಿ. ಸಂಜೆ ನಾಲ್ಕಕ್ಕೆ ಟ್ರಕ್ಕು ಹೊರಡುತ್ತೆ."

"ಆಗಲಿ ಮಾವ, ಅದೇ ತಗೊಳ್ತೀನಿ" ಎಂದ ಎಲ್ಮರ್. ಅವನಿಗೆ ಮೂವತ್ತೂ ಒಂದೇ, ಎಪ್ಪತ್ತೂ ಒಂದೇ. ಬೇಕಾಗಿದ್ದದ್ದು ಮಂಚ.

ಊರಿನ ಒಂದೇ ಕೋವಿ ಅಂಗಡಿ ಪ್ರೀಮೋ ಬೊನೆಟ್ಟಿಯದು. ಮೊಳೆ, ಬಣ್ಣ, ಮೀನಿನ ಗಾಳ, ಕೋವಿ, ತೋಟಾ ಎಲ್ಲ ಅಲ್ಲೇ. ಡುಮ್ಮ ಹೊಟ್ಟೆಯ, ಅರವತ್ತು ದಾಟಿದ ಪ್ರೀಮೋ ಮಾತು ಕಡಿಮೆಯ ಮನುಷ್ಯ. ಮೂವತ್ತು-ಮೂವತ್ತು ಎಂದದ್ದೇ ತಡ, ಗೋಡೆಯಿಂದ ಇಳಿಸಿ, ಒರೆಸಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟುಬಿಟ್ಟ. ಎಲ್ಮರ್ ಅದನ್ನು ಹೆಗಲಿಗೇರಿಸಿ ಅಂಗಡಿಯ ಮೆಟ್ಟಿಲಿಳಿದ. ಎದೆ ತಾನಾಗಿಯೇ ಎರಡು ಅಂಗುಲ ಮುಂದೆ ಬಂತು. ರಸ್ತೆಯ ಆಚೆ ಬದಿಯಿಂದ ಯಾರೋ ಕರೆದರು.

"ಮೇಷ್ಟ್ರೇ, ಸ್ವಲ್ಪ ನಿಲ್ಲಿ."

ಹೆಡ್‌ಮಾಸ್ಟರ್ ಪೆನ್‌ಹೇಲ್. ಕೆಂಪು ಚೌಕಳಿಯ ಉಣ್ಣೆ ಅಂಗಿ ತೊಟ್ಟು, ಒಂದು ಕೈಯಲ್ಲಿ ಮಾಂಸ ತುಂಬಿದ ಪಾಸ್ಟಿ ಎಂಬ ಕಡುಬು ಹಿಡಿದು ತಿನ್ನುತ್ತಾ ಬಂದರು. ಕೋವಿಯ ನಳಿಗೆಯ ಮೇಲೆ ಬರೆದದ್ದನ್ನು ಕನ್ನಡಕ ಏರಿಸಿ ಓದಿದರು. ಪರೀಕ್ಷೆಯಲ್ಲಿ ಚೀಟಿ ಸಿಕ್ಕಿದಾಗ ಮಾಡುವ ಮುಖ ಮಾಡಿದರು.

"ಏನು ಮೇಷ್ಟ್ರೇ ಇದು?"

"ಮೂವತ್ತು-ಮೂವತ್ತು ಸಾರ್."

"ಅಳಿಲು ಹೊಡೆಯೋಕೆ ಹೋಗ್ತಿದ್ದೀರಾ?"

"ಜಿಂಕೆ ಸಾರ್."

"ಕರಡಿ ಬಂದ್ರೆ?"

ಕರಡಿ ಬರಬಹುದೆಂದು ಎಲ್ಮರನಿಗೆ ಯಾರೂ ಹೇಳಿರಲಿಲ್ಲ. ಅವನ ಎದೆ ಮತ್ತೆ ಎರಡು ಅಂಗುಲ ಹಿಂದೆ ಸರಿಯಿತು.

"ನೋಡಿ ಮೇಷ್ಟ್ರೇ, ನಮ್ಮ ಕಾಡಲ್ಲಿ ಐವತ್ತು ಗಜ ಆಚೆ ಏನೂ ಕಾಣಲ್ಲ. ಪೊದೆ ಒಳಗಿಂದ ನುಗ್ಗಿ ಬಂದದ್ದನ್ನ ಒಂದೇ ಏಟಿಗೆ ಕೆಡವಬೇಕು. ಅದಕ್ಕೆ ನಲವತ್ತೈದು-ಎಪ್ಪತ್ತು. ಹೆಬ್ಬೆರಳು ಗಾತ್ರದ ಗುಂಡು. ನಡುವೆ ರೆಂಬೆ ಕೊಂಬೆ ಸಿಕ್ಕಿದ್ರೂ ಅದಕ್ಕೆ ಲೆಕ್ಕ ಇಲ್ಲ." ಪಾಸ್ಟಿಯ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು ಅವರು ದನಿ ತಗ್ಗಿಸಿದರು. "ಅಂದ ಹಾಗೆ, ಬ್ಯಾಂಡಿಗೆ ಹೊಸ ತುತ್ತೂರಿ, ನಗಾರಿ ಬೇಕು ಅಂತ ಕೇಳಿದ್ರಲ್ಲ, ನಿಮ್ಮ ಅರ್ಜಿ ನನ್ನ ಮೇಜಿನ ಮೇಲೇ ಇದೆ. ರಜೆ ಮುಗಿಸಿ ಬಂದ ಮೇಲೆ ನೋಡ್ತೀನಿ. ನಾನು ಬೆಚ್ಚಗೆ ಮಲಗಿ ಎದ್ದು ಬಂದ್ರೆ ನನ್ನ ಮನಸ್ಸು ಒಂಥರಾ ಇರುತ್ತೆ. ಬಾಗಿಲ ಹತ್ರ ನಡುಗಿ ಬಂದ್ರೆ ಇನ್ನೊಂಥರಾ ಇರುತ್ತೆ."

ಬ್ಯಾಂಡಿನ ದೊಡ್ಡ ತುತ್ತೂರಿ ನೆಗ್ಗಿ ನೆಗ್ಗಿ, ಈಗ ಊದಿದರೆ ಹಸು ಕೆಮ್ಮಿದಂತೆ ಕೇಳುತ್ತಿತ್ತು. ಎಲ್ಮರ್ ಹಿಂದಿರುಗಿ ಅಂಗಡಿಯ ಮೆಟ್ಟಿಲು ಹತ್ತಿದ.

"ಪ್ರೀಮೋ ಅಣ್ಣ, ಇದನ್ನ ವಾಪಸ್ಸು ತಗೊಂಡು ನಲವತ್ತೈದು-ಎಪ್ಪತ್ತು ಕೊಡ್ತೀಯಾ?"

ಪ್ರೀಮೋ ಅವನನ್ನೊಮ್ಮೆ, ಕಿಟಕಿಯಾಚೆ ನಿಂತ ಹೆಡ್‌ಮಾಸ್ಟರನ್ನೊಮ್ಮೆ ನೋಡಿದ. ಪುಸ್ತಕ ಮುಂದಕ್ಕೆ ತಳ್ಳಿದ. ಎಲ್ಮರ್ ಇನ್ನೊಂದು ಸಹಿ ಹಾಕಿದ.

ಹೆಡ್‌ಮಾಸ್ಟರರು ಅಷ್ಟಕ್ಕೇ ಬಿಡಲಿಲ್ಲ. ಊರಾಚೆಯ ಜಲ್ಲಿಗುಂಡಿಗೆ ಕರೆದೊಯ್ದು, ಹಳೆಯ ಬಣ್ಣದ ಡಬ್ಬವೊಂದನ್ನು ದಿಬ್ಬದ ಮೇಲಿಟ್ಟು, "ಹೊಡೀರಿ, ಕೈ ಪಳಗಲಿ" ಎಂದರು. ಎಲ್ಮರ್ ಕಣ್ಣು ಮುಚ್ಚಿ ಗುರಿಯಿಟ್ಟ. ಆಮೇಲೆ ನಡೆದದ್ದು ಅವನಿಗೆ ಸರಿಯಾಗಿ ನೆನಪಿಲ್ಲ. ದೊಡ್ಡ ಸದ್ದೊಂದು ಕೇಳಿತು, ಆಕಾಶ ಕಾಣಿಸಿತು, ಬೆನ್ನ ಕೆಳಗೆ ಹಿಮ ತಣ್ಣಗೆ ತಾಗಿತು. ಡಬ್ಬ ಇದ್ದಲ್ಲೇ ಇತ್ತು. ಎಲ್ಮರ್ ಇದ್ದಲ್ಲಿ ಇರಲಿಲ್ಲ.

"ಭೇಷ್" ಎಂದರು ಹೆಡ್‌ಮಾಸ್ಟರು, ಅವನನ್ನು ಎಬ್ಬಿಸುತ್ತಾ. "ಶಕ್ತಿ ಅಂದ್ರೆ ಇದು. ಈ ಕಡೆಯವನಿಗೇ ಹೀಗಾದ್ರೆ ಆ ಕಡೆಯ ಕರಡಿಗೆ ಹೇಗಾಗಿರಬೇಡ."

ಬಲ ಹೆಗಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮನೆಗೆ ಬಂದರೆ ಲೆಂಪಿ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಜಲ್ಲಿಗುಂಡಿಯ ಸದ್ದು ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಪಕ್ಕದ ಮನೆ ಸೈಮಿಗೆ ಕಿವಿ ಹಾಗಿದೆ. ಮೂವತ್ತು-ಮೂವತ್ತರ ಸದ್ದು ಯಾವುದು, ನಲವತ್ತೈದು-ಎಪ್ಪತ್ತರ ಸದ್ದು ಯಾವುದು ಎಂದು ಅವಳು ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಲೇ ಹೇಳಬಲ್ಲಳು.

"ರೀ, ನನ್ನಪ್ಪನ ಮಂಡಿ ಏನಾದ್ರೆ ನಿಮಗೇನು ಅಲ್ವಾ?" ಎಂದಳು ಲೆಂಪಿ.

"ಹಾಗಲ್ಲ ಕಣೇ, ಹೆಡ್‌ಮಾಸ್ಟರು..."

"ಹೆಡ್‌ಮಾಸ್ಟರು ನಿಮಗೆ ಹೆಣ್ಣು ಕೊಟ್ಟಿದ್ರಾ? ಒಂದು ಕೋವಿ ತರೋಕೆ ಹೋಗಿ ಊರೆಲ್ಲ ಆಡಿಕೊಳ್ಳೋ ಹಾಗೆ ಮಾಡಿದ್ರಿ. ನೀವು ನಾಳೆ ಕಾಡಲ್ಲಿರ್ತೀರಿ ಅಂತ ನಾನು ಹೆಂಗಸ್ರನ್ನೆಲ್ಲ ಇಲ್ಲಿಗೇ ಕರೆದಿದೀನಿ. ಅವರ ಮುಂದೆ ನನ್ನ ಮಾನ ಕಳೀಬೇಡಿ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಟ್ಯಾಮರಾಕಿನಲ್ಲಿ ಆ ಬೀದಿಯ ಮನೆಗಳಿಗೆಲ್ಲ ಸೇರಿ ಒಂದೇ ತಂತಿ. ಒಬ್ಬರು ಎತ್ತಿದರೆ ಉಳಿದವರೂ ಮೆಲ್ಲಗೆ ಎತ್ತಿ ಕೇಳಿಸಿಕೊಳ್ಳುವುದು ವಾಡಿಕೆ. ಯಾರೂ ಅದನ್ನು ತಪ್ಪೆಂದು ತಿಳಿದಿಲ್ಲ. ಕೇಳಿಸಿಕೊಂಡು ಮಾತಾಡದೆ ಇಟ್ಟುಬಿಡುವುದನ್ನು ಮರ್ಯಾದೆ ಎನ್ನುತ್ತಾರೆ.

"ಅಳಿಯಂದ್ರೇ" ಎಂದಿತು ಉರ್ಹೊನ ದನಿ. "ಒಂದೇ ಮಾತು. ನಿಮ್ಮ ಕೈಯಲ್ಲಿ ಮೂವತ್ತು-ಮೂವತ್ತು ಇಲ್ಲದಿದ್ರೆ ಟ್ರಕ್ಕಲ್ಲಿ ಜಾಗ ಇಲ್ಲ."

"ಮಾವ, ನಾನು..."

"ತಡೀರಿ ಉರ್ಹೊ" ಎಂದಿತು ತಂತಿಯ ಒಳಗಿಂದಲೇ ಇನ್ನೊಂದು ದನಿ. ಹೆಡ್‌ಮಾಸ್ಟರರು ಮರ್ಯಾದೆ ಮೀರಿದ್ದರು. "ಮೇಷ್ಟ್ರು ಈಗಾಗಲೇ ಗುಂಡು ಹಾರಿಸಿ ಆಗಿದೆ. ನಮ್ಮ ಕಡೆ ಸೇರಿದ ಹಾಗೆ."

"ಗುಂಡು ಹಾರಿಸಿದ್ರೋ, ತಾವೇ ಹಾರಿಹೋದ್ರೋ, ಊರಿಗೆಲ್ಲ ಗೊತ್ತು."

"ನಿಮ್ಮ ಮೂವತ್ತು-ಮೂವತ್ತಲ್ಲಿ ಹೋದ ವರ್ಷ ಹೊಡೆದ ಜಿಂಕೆ ಇನ್ನೂ ಓಡ್ತಾ ಇದೆಯಂತೆ."

"ನಿಮ್ಮದರಲ್ಲಿ ಹೊಡೆದ್ರೆ ಸಾರಿಗೆ ಹಾಕೋಕೆ ಕೊಂಬು ಮಾತ್ರ ಸಿಗುತ್ತೆ."

ನಡುವೆ ಸೈಮಿ ಕೆಮ್ಮಿದ್ದು ಕೇಳಿಸಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಬೆಕ್ಕುಗಳೇ ಎರಡಿದ್ದವು. ಕೊನೆಗೆ ಇಬ್ಬರೂ ಒಟ್ಟಿಗೇ, "ಏನು, ನಾನು ಹೇಳಿದ ಹಾಗೆ ತಾನೆ?" ಎಂದರು.

"ಹೂಂ, ತಾವು ಹೇಳಿದ ಹಾಗೇ" ಎಂದ ಎಲ್ಮರ್.

ಇಬ್ಬರೂ ಸಮಾಧಾನವಾಗಿ ಫೋನಿಟ್ಟರು. ಸೈಮಿ ಮಾತ್ರ ಇಡದೆ, "ಯಾರು ಹೇಳಿದ ಹಾಗೆ ಎಲ್ಮರ್?" ಎಂದು ಕೇಳಿದಳು. ಅದು ಅವನಿಗೂ ಗೊತ್ತಿರಲಿಲ್ಲ.

ಮೂರನೆಯ ಸಲ ಅಂಗಡಿಗೆ ಬಂದಾಗ ಪ್ರೀಮೋ ಆಗಲೇ ಪುಸ್ತಕ ಬಿಚ್ಚಿ, ಪೆನ್ನು ಪಕ್ಕಕ್ಕಿಟ್ಟುಕೊಂಡು ಕಾಯುತ್ತಿದ್ದ.

"ಹೋದ ಪುಟ್ಟ ಬಂದ ಪುಟ್ಟ" ಎಂದ. "ಈ ವರ್ಷ ನನ್ನ ಪುಸ್ತಕ ತುಂಬ ನಿನ್ನ ಸಹಿನೇ ಕಣಯ್ಯ."

ಎಲ್ಮರ್ ಕೋವಿಯನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟು, ಬಣ್ಣದ ಡಬ್ಬಗಳ ಮೇಲೆ ಕುಸಿದು ಕೂತ. ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಮಾವನ ಮಂಡಿ, ನೆಗ್ಗಿದ ತುತ್ತೂರಿ, ತನ್ನ ಹೆಗಲು, ಕೊನೆಗೆ ಉಪ್ಪಿನಕಾಯಿ ಜಾಡಿಯ ವಿಷಯವನ್ನೂ ಹೇಳಿಬಿಟ್ಟ. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

"ನನಗೆ ಒಂದು ರಾತ್ರಿ ಅಲ್ಲಿ ಮಲಗಬೇಕು ಪ್ರೀಮೋ ಅಣ್ಣ. ಎಲ್ಲರ ಹಾಗೆ ಬೂಟು ಕಳಚಿ ಒಲೆ ಮುಂದೆ ಒಣಗಿಸಬೇಕು. ಅಷ್ಟೇ. ಜಿಂಕೆ ಸಿಕ್ಕಿದ್ರೆ ಸಿಕ್ಕಲಿ, ಬಿಟ್ಟರೆ ಬಿಡಲಿ. ಅತ್ತ ಹೋದ್ರೆ ಮಾವ, ಇತ್ತ ಹೋದ್ರೆ ಹೆಡ್‌ಮಾಸ್ಟರು. ನಾನೇನು ಮಾಡಲಿ?"

ಪ್ರೀಮೋ ಹೊಟ್ಟೆಯ ಮೇಲೆ ಕೈಕಟ್ಟಿಕೊಂಡು ಸ್ವಲ್ಪ ಹೊತ್ತು ಛಾವಣಿ ನೋಡಿದ. ಆಮೇಲೆ ಗೋಡೆಯಿಂದ ಇನ್ನೊಂದು ಲಿವರ್ ಕೋವಿ ಇಳಿಸಿದ.

"ಇದು ಮೂವತ್ತೈದು. ಮೂವತ್ತಕ್ಕಿಂತ ದಪ್ಪ, ನಲವತ್ತೈದಕ್ಕಿಂತ ಮೆತ್ತಗೆ. ಪೊದೆಗಾಡಿಗೆ ಹೇಳಿ ಮಾಡಿಸಿದ್ದು. ಜಿಂಕೆಗೂ ಆಯ್ತು, ಕರಡಿಗೂ ಆಯ್ತು, ನಿನ್ನ ಹೆಗಲೂ ಉಳೀತು. ನೀನು ಅವರ ಕಡೆನೂ ಅಲ್ಲ, ಇವರ ಕಡೆನೂ ಅಲ್ಲ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದಕ್ಕೆ ಸರಿಯಾದ ಕೋಲು ಕೊನೆಗೂ ಸಿಕ್ಕಿತೆಂದು ಎಲ್ಮರನಿಗೆ ಜೀವ ಬಂತು. ಸಹಿ ಹಾಕಿ, ತೋಟಾ ಕಟ್ಟಿಸಿಕೊಂಡು ಗಡಿಯಾರ ನೋಡಿದರೆ ನಾಲ್ಕೂವರೆ. ಟ್ರಕ್ಕುಗಳು ಹೊರಟುಹೋಗಿದ್ದವು.

"ಪ್ರೀಮೋ ಅಣ್ಣ, ನಿನ್ನ ವ್ಯಾನಲ್ಲಿ ಬಿಟ್ಟುಬರ್ತೀಯಾ? ಹಾಗೇ ಒಂದು ಮಾತು ಅವರಿಗೆ ಹೇಳು. ನಾನು ಹೇಳಿದ್ರೆ ಯಾರೂ ನಂಬಲ್ಲ. ನೀನು ನಲವತ್ತು ವರ್ಷದಿಂದ ಕೋವಿ ಮಾರ್ತಿದೀಯ. ಮೂವತ್ತೈದು ಒಳ್ಳೇದು ಅಂತ ನೀನು ಹೇಳಿದ್ರೆ ಯಾರೂ ಎದುರಾಡಲ್ಲ."

"ಅಂಗಡಿ ಬಿಟ್ಟು ಎಲ್ಲಿ ಬರಲಯ್ಯ. ನಾನು ಇನ್ನೂ ಊಟ ಸಹ ಮಾಡಿಲ್ಲ."

"ನಿನ್ನ ಕಾಲಿಗೆ ಬೀಳ್ತೀನಿ. ಊಟ ಅಲ್ಲೇ ಮಾಡಿದ್ರಾಯ್ತು."

ಪ್ರೀಮೋ ಗೊಣಗುತ್ತಾ ಬಾಗಿಲಿಗೆ ಬೀಗ ಹಾಕಿದ. ಬೇಟೆಗಾರರ ಊಟ ಎಂಥದೆಂದು ತಿಳಿದಿದ್ದರಿಂದ, ಹಿಂದಿನ ಕೋಣೆಯಿಂದ ತಾನೇ ಮಾಡಿದ ಮಾಂಸದ ಸಾಸೇಜು, ಒಂದು ಚೀಲ ಈರುಳ್ಳಿ, ಬಾಣಲೆ ತೆಗೆದು ವ್ಯಾನಿಗೆ ಹಾಕಿದ.

ಬಿಡಾರ ಮುಟ್ಟುವಾಗ ಕತ್ತಲಾಗಿತ್ತು. ಒಳಗೆ ಆರು ಮಂದಿ ಟೋಪಿ ತೆಗೆಯದೆ, ಹಾಸಿಗೆ ಬಿಚ್ಚದೆ, ಒಲೆಯ ಸುತ್ತ ನಿಂತಿದ್ದರು. ಅತ್ತ ಮೂವರು, ಇತ್ತ ಮೂವರು. ಎಲ್ಮರ್ ಬರುವ ತನಕ ಯಾವ ಮಂಚ ಯಾರದೆಂದು ತೀರ್ಮಾನವಾಗುವ ಹಾಗಿರಲಿಲ್ಲ. ಊಟಕ್ಕೆ ತಂದ ಹುರುಳಿಕಾಯಿ ಡಬ್ಬಗಳು ಮೇಜಿನ ಮೇಲೆ ಮುಚ್ಚಿದ ಹಾಗೇ ಕೂತಿದ್ದವು, ಯಾರು ಬಿಸಿ ಮಾಡಬೇಕೆಂಬ ಬಗ್ಗೆಯೂ ಅಲ್ಲಿ ಎರಡು ಪಕ್ಷ.

ಎಲ್ಮರ್ ಕೋವಿಯ ಚೀಲ ಬಿಚ್ಚಿದ. ಆರು ತಲೆಗಳು ಒಟ್ಟಿಗೆ ಬಗ್ಗಿ ನಳಿಗೆ ಓದಿದವು.

"ಮೂವತ್ತೈದು" ಎಂದ ಉರ್ಹೊ, ಯಾರೋ ಸತ್ತ ಸುದ್ದಿ ಹೇಳುವವನಂತೆ.

"ಮೂವತ್ತೈದು" ಎಂದರು ಹೆಡ್‌ಮಾಸ್ಟರು.

"ಹೌದು ಮಾವ. ಹೌದು ಸಾರ್. ಅಂದ್ರೆ, ಇದು ಎರಡರ ಗುಣವನ್ನೂ..."

"ಈ ಛಾವಣಿ ಕೆಳಗೆ ಎರಡು ಬಗೆ ತೋಟಾ ಇದ್ದದ್ದಕ್ಕೇ ಇಷ್ಟು ವರ್ಷ ರಂಪ ಆಯ್ತು" ಎಂದ ಉರ್ಹೊ. "ಈಗ ನೀನು ಮೂರನೇದು ತಂದಿದ್ದೀಯಾ?" ಅಳಿಯಂದ್ರು ಹೋಗಿ ನೀನು ಬಂದಿತ್ತು.

"ನಾಳೆ ಇವರಿಗೆ ತೋಟಾ ಮುಗಿದ್ರೆ ಸಾಲ ಕೊಡೋರು ಯಾರು?" ಎಂದರು ಹೆಡ್‌ಮಾಸ್ಟರು. "ನನ್ನದೂ ಆಗಲ್ಲ, ಉರ್ಹೊದೂ ಆಗಲ್ಲ."

"ಅದೇ ನಾನು ಹೇಳ್ತಿರೋದು."

"ಉರ್ಹೊ, ನೀವು ಹೇಳ್ತಿರೋದು ಸರಿಯಾಗಿದೆ."

ಈ ಮಾತು ಕೇಳಿ ಉಳಿದ ನಾಲ್ವರೂ ಬೆಚ್ಚಿ ನೋಡಿದರು. ಬಿಡಾರ ಕಟ್ಟಿದಾಗಿನಿಂದ ಅವರಿಬ್ಬರೂ ಒಂದು ಮಾತಿಗೂ ಒಪ್ಪಿದವರಲ್ಲ. ಇಂದು ಎಲ್ಮರನನ್ನು ಬೈಯುವುದರಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ತಾಳ ಹಾಕುತ್ತಿದ್ದರು. ಬೆನ್ನೆಲುಬಿಲ್ಲದವನು ಎಂದ ಉರ್ಹೊ. ಶಾಲೆಯಲ್ಲೂ ಹಾಗೇ ಎಂದರು ಹೆಡ್‌ಮಾಸ್ಟರು. ಹೈಕ್ಕಿ ಪಕ್ಷ ಬಿಟ್ಟವನಲ್ಲ ಎಂದ ಉರ್ಹೊ. ಹೈಕ್ಕಿ ನಿಜವಾದ ಗಂಡಸು ಎಂದು ಹೆಡ್‌ಮಾಸ್ಟರರೂ ಒಪ್ಪಿದರು, ಹೈಕ್ಕಿ ಬದುಕಿರುವಾಗ ಅವನ ಹಾಸಿಗೆಗೆ ಹಿಮ ತುಂಬಿದವರು ಅವರೇ. ಎಲ್ಮರ್ ಇಬ್ಬರ ನಡುವೆ ಕೋವಿ ಹಿಡಿದು ನಿಂತಿದ್ದ. ತಪ್ಪು ಎಲ್ಲಿ ಆಯಿತೆಂದು ಎಷ್ಟು ಯೋಚಿಸಿದರೂ ಅವನಿಗೆ ಹೊಳೆಯಲಿಲ್ಲ. ಸಾಕ್ಷಿ ಹೇಳಲಿ ಎಂದು ಪ್ರೀಮೋನತ್ತ ತಿರುಗಿದ.

ಪ್ರೀಮೋ ಅಲ್ಲಿರಲಿಲ್ಲ. ಜಗಳ ಮುಗಿಯುವ ತನಕ ಹಸಿವು ತಡೆಯಲಾರದೆ ಅವನು ಒಲೆಯ ಮೇಲೆ ಬಾಣಲೆ ಇಟ್ಟು, ಈರುಳ್ಳಿ ಹೆಚ್ಚಿ ಹಾಕಿ, ಸಾಸೇಜು ಹೊರಳಿಸುತ್ತಿದ್ದ. ಚುಂಯ್ ಎಂಬ ಸದ್ದಿನ ಹಿಂದೆಯೇ ವಾಸನೆ ಎದ್ದು ಬಿಡಾರ ತುಂಬಿತು. ಬೈಗುಳಗಳು ಒಂದೊಂದಾಗಿ ನಿಂತವು. ಯಾರದೋ ಹೊಟ್ಟೆ ಎಲ್ಲರಿಗೂ ಕೇಳುವ ಹಾಗೆ ಗುರುಗುಟ್ಟಿತು.

"ಪ್ರೀಮೋ" ಎಂದ ಉರ್ಹೊ ಬೇರೆಯೇ ದನಿಯಲ್ಲಿ, "ಬೇಟೆಗೆ ನೀನು ಯಾವ ಅಳತೆ ಇಟ್ಟುಕೊಂಡಿದ್ದೀಯ?"

ಆರೂ ಜನ ಉಸಿರು ಹಿಡಿದರು.

"ನನ್ನ ಹತ್ರ ಕೋವಿನೇ ಇಲ್ಲ ಮಾರಾಯ" ಎಂದ ಪ್ರೀಮೋ ಸಾಸೇಜಿನಿಂದ ಕಣ್ಣು ತೆಗೆಯದೆ. "ದಿನ ಬೆಳಗಾದ್ರೆ ಅದೇ ಹಾಳು ಮುಖ ನೋಡ್ತೀನಿ. ರಜೆ ಸಿಕ್ಕಿದ್ರೆ ಅದನ್ನೇ ಹೊತ್ತುಕೊಂಡು ತಿರುಗಲಾ?"

ಉರ್ಹೊ ಹೆಡ್‌ಮಾಸ್ಟರರನ್ನು ನೋಡಿದ. ಹೆಡ್‌ಮಾಸ್ಟರು ಉರ್ಹೊನನ್ನು ನೋಡಿದರು. ಕೋವಿಯೇ ಇಲ್ಲದವನು ಯಾವ ಪಕ್ಷಕ್ಕೂ ಸೇರುವುದಿಲ್ಲ. ಯಾರ ತೋಟಾವನ್ನೂ ಕೇಳುವುದಿಲ್ಲ. ರಾತ್ರಿ ಒಲೆಗೆ ಸೌದೆ ಹಾಕುತ್ತಾನೆ, ಬೆಳಗ್ಗೆ ಎಲ್ಲರೂ ಕಾಡಿಗೆ ಹೋದಾಗ ಬಿಡಾರ ಕಾಯುತ್ತಾನೆ, ಸಂಜೆ ಬಂದರೆ ಬಾಣಲೆ ಒಲೆಯ ಮೇಲಿರುತ್ತದೆ.

"ಒಲೆ ಪಕ್ಕದ ನಾಲ್ಕನೇ ಮಂಚ ಪ್ರೀಮೋಗೆ" ಎಂದರು ಹೆಡ್‌ಮಾಸ್ಟರು. "ಉಳಿದ ಮೂರು ಯಾರಿಗೆ?"

"ಅವತ್ತವತ್ತು ಪಾತ್ರೆ ತೊಳೆದವರಿಗೆ" ಎಂದ ಪ್ರೀಮೋ.

ಇಷ್ಟು ಸುಲಭದ ಕಾನೂನು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಉರ್ಹೊ ತೋಳು ಮಡಚಿ ತಟ್ಟೆಗಳ ಕಡೆ ನಡೆದ. ಹೆಡ್‌ಮಾಸ್ಟರು ಅವನಿಗಿಂತ ಮೊದಲೇ ಸೋಪು ಹಿಡಿದಿದ್ದರು.

"ಹಾಗಾದ್ರೆ ನಾನೂ ಕೋವಿ ಬಿಟ್ಟುಬಿಡ್ತೀನಿ" ಎಂದ ಎಲ್ಮರ್, ಅಳು ಬರುವ ದನಿಯಲ್ಲಿ. "ಮಾವ, ಈಗಲೇ ವಾಪಸ್ಸು ಕೊಟ್ಟೆ ಅಂತ ತಿಳ್ಕೊಳ್ಳಿ. ನಾನೂ ಯಾವ ಪಕ್ಷಕ್ಕೂ ಇಲ್ಲ."

"ಒಂದೇ ದಿನದಲ್ಲಿ ಮೂರು ಕೋವಿ ಕೊಂಡವನು ಕೋವಿ ಇಲ್ಲದವನು ಹೇಗಾಗ್ತೀಯ?" ಎಂದ ಉರ್ಹೊ. "ಇರಲಿ, ಅಡುಗೆ ಬರುತ್ತಾ ನಿನಗೆ?"

"ಕಾಫಿ..." ಎಂದ ಎಲ್ಮರ್.

ಏಳು ಮಂಚ, ಏಳು ಜನ ಭರ್ತಿಯಾಗಿತ್ತು. ಅವನಿಗೆ ಒಂದು ಸಾಸೇಜು ಬ್ರೆಡ್ಡಿನಲ್ಲಿಟ್ಟು ಕೈಗೆ ಕೊಟ್ಟರು, ಅಷ್ಟು ಮರ್ಯಾದೆ ಉಳಿಸಿದರು. ಪ್ರೀಮೋ ಬಾಗಿಲ ತನಕ ಬಂದು ವ್ಯಾನಿನ ಕೀಲಿ, ಅಂಗಡಿಯ ಕೀಲಿ ಎರಡನ್ನೂ ಅವನ ಜೇಬಿಗೆ ಹಾಕಿದ.

"ಬೇಜಾರು ಮಾಡ್ಕೋಬೇಡ ಕಣಯ್ಯ, ನಾನೇನೂ ಕೇಳಿ ಬಂದವನಲ್ಲ. ನೀನೇ ಕರ್ಕೊಂಡು ಬಂದೆ. ನಾಳೆ ಬೆಳಗ್ಗೆ ಅಂಗಡಿ ತೆಗಿ. ತೋಟಾ ಮರೆತವರು ಬರ್ತಾರೆ, ಕೈಗವಸು ಕಳ್ಕೊಂಡವರು ಬರ್ತಾರೆ. ಬೆಲೆ ಎಲ್ಲ ಡಬ್ಬದ ಮೇಲೇ ಇದೆ."

ಎಲ್ಮರ್ ವ್ಯಾನಿನಲ್ಲಿ ಕೂತು ಸಾಸೇಜು ತಿಂದ. ರುಚಿಯಾಗಿಯೇ ಇತ್ತು. ಅದೇ ಅವನಿಗೆ ಇನ್ನೂ ಹೆಚ್ಚು ದುಃಖ ತಂದಿತು.

ಮರುದಿನ ಬೆಳಗ್ಗೆ ಲೆಂಪಿ ಅವನ ಕಾಫಿಯನ್ನು ಮೇಜಿನ ಮೇಲೆ ಕುಕ್ಕಿದಳು. ಅವನು ಅಂಗಡಿ ತೆಗೆದು ಗಾಜಿನ ಪೆಟ್ಟಿಗೆಯ ಹಿಂದೆ ನಿಂತ. ಕಾಡಿನ ಕಡೆಯಿಂದ ಆಗೊಂದು ಈಗೊಂದು ಗುಂಡಿನ ಸದ್ದು ಕೇಳುತ್ತಿತ್ತು. ಪ್ರತಿ ಸದ್ದಿಗೂ ಅವನ ಬಲ ಹೆಗಲು ತಾನಾಗಿ ಮಿಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಸೈಮಿ ಬಂದು, ಸಂಜೆ ಇಸ್ಪೀಟು ಕೂಟಕ್ಕೆ ಎಲ್ಮರ್ ಇರುತ್ತಾನೆಂದು ತಿಳಿದು ಎಲ್ಲರಿಗೂ ಬಹಳ ಸಂತೋಷವಾಗಿದೆ, ತಾನು ಎರಡು ಜಾಡಿ ಹೆಚ್ಚಿಗೆ ತರುತ್ತೇನೆ ಎಂದು ಹೇಳಿ ಹೋದಳು.

ಆಮೇಲೆ ಬಂದವನು ಮಿಲ್ಲಿನ ಹೊಸ ಕೆಲಸಗಾರ. ಹೋದ ತಿಂಗಳು ಮದುವೆಯಾದವನು. ಹೊರಗೆ ಟ್ರಕ್ಕಿನಲ್ಲಿ ಅವನ ಮಾವ ಗಂಟುಮುಖ ಹಾಕಿಕೊಂಡು ಕೂತಿದ್ದ, ಹಿಂದಿನ ಸೀಟಿನಿಂದ ಮಿಲ್ಲಿನ ಮೇಸ್ತ್ರಿ ಕತ್ತು ಚಾಚಿ ಅಂಗಡಿಯ ಒಳಗೇ ನೋಡುತ್ತಿದ್ದ.

"ಸಾರ್, ಊರಲ್ಲೆಲ್ಲ ನಿಮ್ಮ ಹೆಸರೇ ಹೇಳ್ತಾರೆ" ಎಂದ ಆ ಯುವಕ ಟೋಪಿ ತೆಗೆದು. "ಮೂರೂ ಬಗೆ ಕೋವಿನ ಒಂದೇ ದಿನದಲ್ಲಿ ಪರೀಕ್ಷೆ ಮಾಡಿ ನೋಡಿದೋರು ನೀವೊಬ್ಬರೇ ಅಂತೆ. ನನಗೂ ಒಂದು ಲಿವರ್ ಕೋವಿ ಬೇಕು. ಮೊದಲನೇ ಸಲ ಬಿಡಾರಕ್ಕೆ ಹೋಗ್ತಿದೀನಿ. ಮಾವ ಒಂದು ಹೇಳ್ತಾರೆ, ಮೇಸ್ತ್ರಿ ಒಂದು ಹೇಳ್ತಾರೆ. ನೀವೇ ಹೇಳಿ, ಈ ಕಾಡಿಗೆ ಯಾವ ಅಳತೆ ಒಳ್ಳೇದು?"

ಎಲ್ಮರ್ ಗೋಡೆಯ ಮೇಲಿನ ಕೋವಿಗಳನ್ನು ನೋಡಿದ. ಹೊರಗೆ ಟ್ರಕ್ಕಿನಲ್ಲಿದ್ದ ಯುವಕನ ಮಾವನನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ. ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿ, ಹೊರಗಿನವರಿಗೆ ಕೇಳದಂತೆ ಮೆಲ್ಲಗೆ ಕೇಳಿದ.

"ಅದಿರಲಿ ತಮ್ಮಾ, ಈರುಳ್ಳಿ ಹುರಿಯೋಕೆ ಬರುತ್ತಾ ನಿನಗೆ?"